ಪೇಟ ಓರೆಯಾಗಿಯೇ ಇರಲಿ

ಗೌರವಾನ್ವಿತ ಅಧ್ಯಕ್ಷರೇ, ಬೆಂಗಳೂರಿನ ರೈಲಿನಿಂದ ಕಾಚಿಗೂಡದಲ್ಲಿ ಇಳಿದು, ಅಲ್ಲಿಂದ ಈ ಸಭಾಂಗಣಕ್ಕೆ ಬರುವಷ್ಟರಲ್ಲಿ ಇನ್ನೊಂದು ಪ್ರಯಾಣವನ್ನೇ ಮುಗಿಸಿರುವ ಮುಖ್ಯ ಅತಿಥಿಗಳೇ, ನಮ್ಮ ಕನ್ನಡ ಸಂಘದ ಪದಾಧಿಕಾರಿಗಳೇ, ಕಂಪನಿಗೆ ಸುಳ್ಳು ಜ್ವರ ಹೇಳಿ ಬಂದಿರುವ ಐಟಿ ತರುಣ ತರುಣಿಯರೇ, ಊಟದ ವಾಸನೆ ಬಂದರೂ ಕುರ್ಚಿ ಬಿಟ್ಟು ಏಳದ ನನ್ನ ಪ್ರೀತಿಯ ಸಭಿಕರೇ,

ಸನ್ಮಾನ ಮುಗಿದ ಮೇಲೆ ಸನ್ಮಾನಿತರು ಎರಡು ಮಾತಾಡುವುದು ವಾಡಿಕೆ. ಇವತ್ತು ಅರ್ಧ ಸನ್ಮಾನವಷ್ಟೇ ಆಗಿದೆ. ಪೇಟ ನನ್ನ ತಲೆಗೆ ಬಂದಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಇನ್ನೂ ಮೇಜಿನ ಮೇಲೆಯೇ ಇವೆ. ನಮ್ಮ ಸಂಘದಲ್ಲಿ ಸನ್ಮಾನವೆಂದರೆ ದಂಪತಿಗಳಿಗೇ. ಆದ್ದರಿಂದ ಇಲ್ಲಿ ಎರಡು ಕುರ್ಚಿ ಹಾಕಿದ್ದಾರೆ. ಒಂದು ಖಾಲಿ ಇದೆ. ಅಲ್ಲಿ ಕೂರಬೇಕಾದವಳು ನನ್ನ ಹೆಂಡತಿ ತುಳಸಾಬಾಯಿ. ಹೋದ ವರ್ಷ ಅವಳಿಗೆ ಲಕ್ವ ಹೊಡೆದು ಎಡಗಾಲು, ಎಡಗೈ ಎರಡೂ ಬಿದ್ದುಹೋದವು. ಶಾಲನ್ನು ಕೆಳಗೇ ತಂದು ಹೊದಿಸುತ್ತೇವೆ ಎಂದು ಸಂಘದವರು ಹೇಳಿದರು. ಅವಳು ಒಪ್ಪಲಿಲ್ಲ. ಈಗಷ್ಟೇ ಹಿಂದಿನ ಬಾಗಿಲಿನಲ್ಲಿ ಗಾಲಿಕುರ್ಚಿಯಿಂದ ಎದ್ದಿದ್ದಾಳೆ. ಅಲ್ಲಿಂದ ಈ ವೇದಿಕೆಯವರೆಗೆ ನಡೆದು ಬರುತ್ತಾಳೆ. ಮನೆಯ ಹೊಸಿಲಿನ ಹೊರಗೆ ಇದೇ ಅವಳ ಮೊದಲ ನಡಿಗೆ.

ತಿರುಗಬೇಡಿ! ದಯವಿಟ್ಟು ಯಾರೂ ಹಿಂದಕ್ಕೆ ತಿರುಗಬೇಡಿ. ನೀಲಿ ಅಂಗಿಯ ಮಹನೀಯರೇ, ನನ್ನನ್ನು ನೋಡಿ. ನಾನೇನು ನೋಡುವ ಹಾಗಿಲ್ಲವೇ? ನೀವು ಅವಳನ್ನು ನೋಡಿದರೆ ಅವಳು ತನ್ನ ಕಾಲನ್ನು ನೋಡಿಕೊಳ್ಳುತ್ತಾಳೆ. ಕಾಲನ್ನು ನೋಡಿಕೊಂಡರೆ ಕಾಲು ನಿಂತುಬಿಡುತ್ತದೆ. ಅದು ಯಾಕೆ ಎಂಬುದೇ ನನ್ನ ಇವತ್ತಿನ ಭಾಷಣ. ಅವಳು ಬಂದು ತಲುಪುವವರೆಗೆ ಇದು ಮುಗಿಯುವುದಿಲ್ಲ. ಕಾರ್ಯದರ್ಶಿ ಮೋಹನ ಅವರು ಚೀಟಿ ಕಳಿಸಿದರೂ ಮುಗಿಯುವುದಿಲ್ಲ.

ನಾನು ಹಣಮಂತರಾಯ. ರಾಯಚೂರಿನ ಕಡೆಯಿಂದ ಬಂದು ಈ ತೆಲುಗು ಊರಿನ ಕನ್ನಡ ಶಾಲೆಯಲ್ಲಿ ನಿವೃತ್ತಿಯವರೆಗೂ ಡ್ರಿಲ್ ಮಾಸ್ತರನಾಗಿದ್ದವನು. ನಾನು ಬಂದಾಗ ಮಾದಾಪುರದಲ್ಲಿ ಬರೀ ಬಂಡೆಗಳಿದ್ದವು. ಈಗ ಗಾಜಿನ ಕಟ್ಟಡಗಳಿವೆ, ಒಳಗೆ ನಮ್ಮ ಮೈಸೂರು, ಮಂಗಳೂರಿನ ಹುಡುಗರಿದ್ದಾರೆ. ನಿವೃತ್ತನಾದ ಮೇಲೆ ಈ ಹುಡುಗರು ಕಬಡ್ಡಿ ಕಲಿಯಲು ನನ್ನ ಕೈಗೆ ಸಿಕ್ಕರು. ಎಂಥ ಹುಡುಗರು ಅಂತೀರಿ! ಅಮೆರಿಕದ ಕಂಪ್ಯೂಟರನ್ನು ಇಲ್ಲಿಂದಲೇ ರಿಪೇರಿ ಮಾಡುತ್ತಾರೆ, ಬಗ್ಗಿ ತಮ್ಮ ಬೂಟಿನ ಲೇಸು ಕಟ್ಟಲು ಬರುವುದಿಲ್ಲ. ಮೋಹನ ಅವರೇ, ನಗಬೇಡಿ, ನಿಮ್ಮದೇ ಕಥೆ.

ಅವರಿಗೆ ನಾನು ಹೇಳಿದ್ದು ಹಳೆಯ ಪಾಠವೇ. ದುಡಿಸದ ಸ್ನಾಯು ಸೊರಗುತ್ತದೆ. ನಿನ್ನೆಗಿಂತ ಸ್ವಲ್ಪ ಹೆಚ್ಚು ದುಡಿಸಿದರೆ ಬಲಿಯುತ್ತದೆ, ಆದರೆ ಬಲಿಯುವುದು ವಿಶ್ರಾಂತಿಯಲ್ಲಿ. ಸಿಟಿ ಬಸ್ಸಿನಲ್ಲಿ ಬ್ರೇಕ್ ಬಿದ್ದಾಗ ಯಾರು ಬೀಳುವುದಿಲ್ಲ? ಕಾಲಗಲಿಸಿ, ಮೊಣಕಾಲು ಸಡಿಲಿಸಿ ನಿಂತವನು. ಮೈಯ ಭಾರ ಎರಡು ಪಾದಗಳ ನಡುವಿನ ಜಾಗ ದಾಟಿ ಹೋಗದಿದ್ದರೆ ಮನುಷ್ಯ ಬೀಳುವುದಿಲ್ಲ. ಕಬಡ್ಡಿಯಲ್ಲೂ ಅದೇ ಸೂತ್ರ. ಕಂಪನಿಗಳ ಪಂದ್ಯಾವಳಿಯಲ್ಲಿ ನಮ್ಮ ಕನ್ನಡ ತಂಡ ಕಪ್ ಗೆದ್ದಿತು. ಎದುರು ತಂಡದವರು ನಮ್ಮವರ ಸಣಕಲು ರಟ್ಟೆ ನೋಡಿ ನಕ್ಕಿದ್ದರು. ಕಪ್ ನಮ್ಮ ಕೈಗೆ ಬಂದಾಗ ನನ್ನ ಎದೆ ಇಷ್ಟಗಲ ಆಯಿತು, ಸುಳ್ಳೇಕೆ ಹೇಳಲಿ!

ಹಿಂದಿನ ಗೋಡೆಯ ಗಡಿಯಾರ ನೋಡುತ್ತಿದ್ದೇನೆ, ಬೇರೇನೂ ಅಲ್ಲ. ಗಡಿಯಾರ ಸರಿಯಾಗಿ ನಡೆಯುತ್ತಿದೆ.

ಇಷ್ಟೆಲ್ಲ ಬಲ್ಲ ನಾನು ಹೆಂಡತಿಗೆ ನಡಿಗೆ ಕಲಿಸುವುದು ಯಾವ ಮಹಾ ಕೆಲಸ ಎಂದುಕೊಂಡೆ. ಹಜಾರದಲ್ಲಿ ಸುಣ್ಣದ ಗೆರೆ ಹಾಕಿದೆ. ಕೊರಳಿಗೆ ಸೀಟಿ ಹಾಕಿಕೊಂಡೆ. ಡ್ರಿಲ್ ಮಾಸ್ತರ ಬೇರೇನು ಮಾಡಿಯಾನು? ಸೀಟಿ ಊದಿದರೆ ಬಲಗಾಲು, ಮತ್ತೆ ಊದಿದರೆ ಎಡಗಾಲು. ನಡುವೆ ನನ್ನ ವ್ಯಾಖ್ಯಾನ: ಮೊಣಕಾಲು ಎತ್ತು, ಹಿಮ್ಮಡಿ ಮೊದಲು, ಸೊಂಟ ನೆಟ್ಟಗೆ. ಅವಳು ಗೆರೆಯ ಮೇಲೆ ಕಂಬದಂತೆ ನಿಂತುಬಿಡುತ್ತಿದ್ದಳು. ಒಂದು ದಿನ ಬೈದೇಬಿಟ್ಟಳು.

"ಏನ್ರಿ, ನಾ ಏನ್ ನಿಮ್ಮ ಸಾಲಿ ಹುಡುಗ ಅದೀನೇನು? ಮೊದ್ಲ ಆ ಸೀಟಿ ಬಾಯಾಗಿಂದ ತೆಗೀರಿ. ನೀವು ಹಿಂಗ ಒದರಾಕತ್ತೀರಿ, ನನ್ನ ಕಾಲು ನಿಮ್ಮ ಮಾತು ಕೇಳಬೇಕೋ, ನನ್ನ ಮಾತು ಕೇಳಬೇಕೋ?"

ಅದೇ ವಾರ ಒಲೆಯ ಮೇಲೆ ಬೇಳೆ ಇಟ್ಟಿದ್ದೆ. ಕುಕ್ಕರ್ ಕೂಗಿತು. ನಾನು ಮೋಹನ ಅವರ ಜೊತೆ ಫೋನಿನಲ್ಲಿ ಕಬಡ್ಡಿ ಮಾತಾಡುತ್ತಿದ್ದೆ. ಮತ್ತೆ ಕೂಗಿತು. ತಿರುಗಿ ನೋಡುತ್ತೇನೆ, ಕುರ್ಚಿ ಖಾಲಿ! ತುಳಸಾ ಕೋಲು ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದಾಳೆ, ಒಲೆ ಆರಿಸಿದ್ದಾಳೆ.

"ಬ್ಯಾಳಿ ಹೊತ್ತಿ ಹೋಗ್ತಿತ್ತು" ಅಂದಳು. "ನಿಮಗ ಸೀಟಿ ಊದೂದು ಬಿಟ್ರ ಒಲಿ ಬಂದ್ ಮಾಡಾಕ ಬರ್ತೈತೇನು?"

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ, ಬಾಯಿಗೆ ಬಂತು.

ಆಮೇಲೆ ನಮ್ಮ ಫಿಸಿಯೋಥೆರಪಿಯ ಅಪೂರ್ವ ನನಗೆ ಪಾಠ ಮಾಡಿದಳು. ಮೈಸೂರಿನ ಹುಡುಗಿ, ಮೆತ್ತಗೆ ಮಾತಾಡಿ ಕಿವಿ ಹಿಂಡುತ್ತಾಳೆ. "ಸರ್, ಕಾಲಿನ ಮೇಲೆ ಗಮನ ಹೋದ್ರೆ ಕಾಲು ತಡವರಿಸತ್ತೆ. ಮಾಡ್ಬೇಕಾದ ಕೆಲಸದ ಮೇಲೆ ಗಮನ ಇದ್ರೆ ಮೈ ತಾನೇ ದಾರಿ ಹುಡುಕತ್ತೆ. ಪ್ರತಿ ಹೆಜ್ಜೆಗೂ ನೀವೇ ತಪ್ಪು ಹೇಳ್ತಿದ್ರೆ, ಅವರ ಮೈಗೆ ತನ್ನ ತಪ್ಪು ಗೊತ್ತಾಗೋದು ಯಾವಾಗ?" ಕೈಯ ಬಗ್ಗೆಯೂ ಹೇಳಿದಳು. "ಎಡಗೈಯಲ್ಲಿ ಶಕ್ತಿ ಬಂದಿದೆ, ಆದ್ರೆ ಅದನ್ನ ಬಳಸೋದೇ ಬಿಟ್ಟಿದ್ದಾರೆ. ಎರಡೂ ಕೈ ಬೇಕಾಗೋ ಕೆಲಸ ಸಿಕ್ಕಿದ್ರೆ ಎದ್ದೀತು." ಎಷ್ಟೋ ಕೆಲಸ ಕೊಟ್ಟು ನೋಡಿದೆವು. ತುಳಸಾ ಎಲ್ಲವನ್ನೂ ಬಲಗೈಯಲ್ಲೇ ಮಾಡಿ ಮುಗಿಸುತ್ತಾಳೆ. ಎಡಗೈ ಮಡಿಲಲ್ಲೇ ಇರುತ್ತದೆ. ಆ ಕೈಯ ಬಳೆಯ ಸದ್ದು ನಮ್ಮ ಮನೆಯಲ್ಲಿ ಕೇಳಿ ಬಹಳ ಕಾಲವಾಯಿತು.

ಈಗ ಈ ಪೇಟದ ವಿಷಯ. ನೀವೆಲ್ಲ ಆಗಿನಿಂದ ನೋಡುತ್ತಿದ್ದೀರಿ, ಇದು ಓರೆಯಾಗಿದೆ. ಮೋಹನ ಅವರು ಸರಿಪಡಿಸಲು ಬಂದರು, ನಾನು ಕೈ ತಳ್ಳಿದೆ. ಅಧ್ಯಕ್ಷರು ನೆಟ್ಟಗೇ ಇಟ್ಟಿದ್ದರು, ಅವರ ತಪ್ಪಲ್ಲ. ಓರೆ ಮಾಡಿಕೊಂಡವನು ನಾನು. ಹಿಂದೆ ಶಾಲೆಯವರು ಬೀಳ್ಕೊಡುಗೆಯಲ್ಲಿ ಪೇಟ ತೊಡಿಸಿದ ದಿನ ಫೋಟೋದಲ್ಲಿ ಅದು ಓರೆಯಾಗಿರುವುದನ್ನು ನೋಡಿ ತುಳಸಾ ನನ್ನನ್ನು ವಾರವಿಡೀ ಕಾಡಿದ್ದಳು. ಇವತ್ತು ಮನೆ ಬಿಡುವಾಗ ಹೇಳಿದಳು: "ಈ ಸಲನೂ ವಾಂಕಡೇ ಇಟ್ಕೊಂಡು ನಿಂತ್ರ ನಾನೇ ಬಂದು ಸರಿ ಮಾಡ್ತೀನಿ ನೋಡ್ರಿ." ಅಷ್ಟೇ ಸಾಕಿತ್ತು ನನಗೆ. ಅವಳಿಗೊಂದು ಕೆಲಸ ಸಿಕ್ಕಿತು.

ಸಭಿಕರೇ... ಕ್ಷಮಿಸಿ. ಎಲ್ಲಿದ್ದೆ? ಹ್ಞಾಂ, ಕಬಡ್ಡಿ. ಇಲ್ಲ, ಕಬಡ್ಡಿ ಮುಗಿದಿತ್ತು. ನಡುದಾರಿಯಲ್ಲಿ ಮೈಕಿನ ತಂತಿ ಹಾಯ್ದಿದೆ. ಅಲ್ಲಿ ನಿಂತಿದ್ದಾಳೆ. ತಿರುಗಬೇಡಿ! ಅಪೂರ್ವ ಹಿಂದೆಯೇ ಇದ್ದಾಳೆ, ಮುಟ್ಟುತ್ತಿಲ್ಲ. ತುಳಸಾ ತನ್ನ ಕಾಲನ್ನೇ ನೋಡುತ್ತಿದ್ದಾಳೆ. ನನ್ನ ಬಾಯಿಗೆ "ಮೊಣಕಾಲು ಎತ್ತು" ಬಂದು ನಿಂತಿದೆ. ಸೀಟಿ ಮನೆಯಲ್ಲಿಯೇ ಇದ್ದರೂ ಕೈ ಜೇಬಿಗೆ ಹೋಗಿದೆ. ಏನು ಮಾಡಲಿ? ಪೇಟವನ್ನು ಹೀಗೆ ಮಾಡುತ್ತೇನೆ.

ನಗಿ, ಧಾರಾಳವಾಗಿ ನಗಿ. ಪೇಟ ಈಗ ಕಿವಿಯ ಮೇಲೆಯೇ ಬಿದ್ದಿದೆ, ಗೊತ್ತು. ಕೋಡಂಗಿಯ ಹಾಗೆ ಕಾಣುತ್ತಿದ್ದೇನೆ, ಅದೂ ಗೊತ್ತು. ನಿಮ್ಮ ನಗು ಕೇಳಿ ಅವಳು ತಲೆ ಎತ್ತಿದಳು. ನನ್ನನ್ನು ನೋಡಿದಳು. ಹುಬ್ಬು ಗಂಟಿಕ್ಕಿದಳು. ಆ ಗಂಟು ನಮ್ಮ ಮದುವೆಯಾದಾಗಿನಿಂದ ನನಗೆ ಪರಿಚಯ.

ತಂತಿ ದಾಟಿದಳು, ಸ್ವಾಮಿ. ದಾಟಿದಳು!

ಇನ್ನು ನೀವೂ ನೋಡಬಹುದು, ನಿಮ್ಮ ಮುಂದೆಯೇ ಬಂದಳು. ಅವಳ ಕಣ್ಣು ಯಾರ ಮೇಲೂ ಇಲ್ಲ, ಈ ಪೇಟದ ಮೇಲಿದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು ಇಡಬೇಕು. ನಾನು ಹೇಳಲಿಲ್ಲ, ಇಟ್ಟಳು. ಯಾರೂ ಕೈ ಕೊಡಬೇಡಿ. ನಾನೂ ಕೊಡುವುದಿಲ್ಲ, ಮೈಕ್ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಎಷ್ಟೋ ಮಕ್ಕಳಿಗೆ ಓಟ ಕಲಿಸಿದ್ದೇನೆ, ಕಪ್‌ಗಳನ್ನು ತಂದಿದ್ದೇನೆ. ಇವತ್ತಿನಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಬಂದಳು. ಕೋಲನ್ನು ಮೇಜಿಗೆ ಒರಗಿಸಿ, ಮೇಜಿಗೇ ಒರಗಿ ನಿಂತಿದ್ದಾಳೆ. "ತಲಿ ಬಗ್ಗಸ್ರಿ" ಅನ್ನುತ್ತಿದ್ದಾಳೆ. ಬಗ್ಗಿಸಿದ್ದೇನೆ. ನೆಲ ಬಿಟ್ಟು ನನಗೆ ಬೇರೇನೂ ಕಾಣುತ್ತಿಲ್ಲ. ಒಂದು ಕಡೆ ಎತ್ತಿದರೆ ಪೇಟ ಇನ್ನೊಂದು ಕಡೆಗೆ ಜಾರುತ್ತಿದೆ. ಅವಳು ಏನೋ ಗೊಣಗುತ್ತಿದ್ದಾಳೆ.

ಸಭಿಕರೇ, ಚಪ್ಪಾಳೆ ಬೇಡ, ಸ್ವಲ್ಪ ತಾಳಿ. ನನ್ನ ಎರಡೂ ಕಿವಿಗಳ ಬಳಿ ಬಳೆ ಸದ್ದಾಗುತ್ತಿದೆ. ನಾನು ಏನೂ ಹೇಳುವುದಿಲ್ಲ. ನೀವೂ ಹೇಳಬೇಡಿ. ನನ್ನನ್ನು ಕರೆದ ಸಂಘಕ್ಕೆ, ತಿರುಗದೆ ಕೂತ ನಿಮಗೆ, ಓರೆಯಾದ ಈ ಪೇಟಕ್ಕೆ ಧನ್ಯವಾದಗಳು. ತಲೆ ಬಗ್ಗಿಸಿಕೊಂಡೇ ಹೇಳುತ್ತಿದ್ದೇನೆ, ಎಲ್ಲರಿಗೂ ನಮಸ್ಕಾರ.