ಜ್ವರದವರಿಗೆ ಪ್ರವೇಶವಿಲ್ಲ

...ಜ್ವರ ಇದೆಯಾ ಅಂತ ನಾನು ಪುಟ್ಟಿ ಹಣೆ ಮುಟ್ಟೋಕೆ ಮುಂಚೆ ಅವಳು ಮುಖ ತೊಳ್ಕೊಂಡ್ಲು ಅಂತ ರೇಗಿದೆನಲ್ಲ, ಅದಕ್ಕೆ ಕಾರಣ ಇದೆ. ಕೊಡಿಗೇಹಳ್ಳಿ ದಾಟಿದ್ರೆ ಈಗ ಅಪಾರ್ಟ್‌ಮೆಂಟ್ ಇದೆಯಲ್ಲ, ಅಲ್ಲೊಂದು ಹೆಂಚಿನ ಧರ್ಮಾಸ್ಪತ್ರೆ ಇತ್ತು. ನನ್ನ ಮೊದಲ್ನೇ ಕೆಲಸ ಅಲ್ಲೇ, ಬಂದೋರ ಹೆಸರು, ಕಾಯಿಲೆ ಕೇಳಿ ಚೀಟಿ ಬರೆಯೋದು. ಬಿ.ಎ. ಮುಗಿಸಿ ಚೀಟಿ ಬರೀತಿದ್ದೆ, ನಗ್ಬೇಡಿ. ಅದನ್ನ ಕಟ್ಟಿಸಿದ್ದು ಒಬ್ಬ ಇಂಗ್ಲಿಷ್ ದೊರೆಸಾನಿ. ಅವರ ಜಿಲ್ಲೇಲಿ, ಇಂಗ್ಲೆಂಡಲ್ಲೂ ಜಿಲ್ಲೆ ಇರುತ್ತೆ ಕಣ್ರೋ, ಸಾಹುಕಾರರು ಚಂದಾ ಎತ್ತಿ ಬಡವರಿಗೆ ಆಸ್ಪತ್ರೆ ಕಟ್ಟೋರಂತೆ. ಆದ್ರೆ ಚಂದಾ ಕೊಟ್ಟೋರ ಶಿಫಾರಸು ಕಾಗದ ತಂದ್ರೇನೇ ಒಳಗೆ ಬಿಡೋದು. ಜ್ವರದವರನ್ನಂತೂ ಬಿಡ್ತಾನೇ ಇರ್ಲಿಲ್ಲ, ಒಬ್ಬರದು ಇಡೀ ವಾರ್ಡಿಗೆ ಹತ್ಕೊಳ್ಳುತ್ತೆ ಅಂತ. ದೊರೆಸಾನಿ ಧರ್ಮದ ಜೊತೆ ಆ ಕಾನೂನನ್ನೂ ಹಡಗಲ್ಲಿ ತಂದ್ರು. ಕಾಗದದ ಕಾಟ ನನ್ನ ಕಾಲಕ್ಕೆ ಹೋಗಿತ್ತು, ಬಾಗಿಲ ಮೇಲೆ ಬೋರ್ಡು ಮಾತ್ರ ಇತ್ತು: ಜ್ವರದವರಿಗೆ ಪ್ರವೇಶವಿಲ್ಲ.

ಸುತ್ತಲ ಹಳ್ಳಿಯವರು ಅದಕ್ಕೊಂದು ದಾರಿ ಕಂಡ್ಕೊಂಡಿದ್ರು. ಗೇಟಿನಾಚೆ ನಲ್ಲೀಲಿ ಮುಖ ತೊಳೆದು, ಕಂಕುಳಿಗೂ ತಣ್ಣೀರು ಬಟ್ಟೆ ಒತ್ಕೊಂಡು, ಆಮೇಲೆ ಒಳಗೆ. ಜ್ವರ ಇದೆಯಾ ಅಂದ್ರೆ, ಇಲ್ಲ ಕಣವ್ವ, ಬರೀ ಸುಸ್ತು. ದಿನಾ ಒದ್ದೆ ಮುಖ ನೋಡ್ತಿದ್ದೆ, ದಿನಾ ಸುಸ್ತು ಅಂತ ಬರೀತಿದ್ದೆ. ಮೂರನೇ ವಾರ ನಮ್ಮಮ್ಮನಿಗೇ ಜ್ವರ ಬಂತು. ನಾಲ್ಕು ದಿನ ಮೈ ಕೆಂಡ. ಬೆಳಿಗ್ಗೆ, ಅಲ್ಲ, ಹನ್ನೊಂದಾಗಿತ್ತು, ಅದೇ ನಲ್ಲೀಲಿ ನಾನೇ ತೊಳ್ದೆ, ನಾನೇ ಬಟ್ಟೆ ಒತ್ತಿದೆ, ಒಳಗೆ ಬಂದು ನನ್ನ ಕೈಯಾರೆ ಸುಸ್ತು ಅಂತ ಬರ್ದೆ. ಡಾಕ್ಟರಮ್ಮ ಹಣೆ ಮುಟ್ಟಿದ್ರು, ಕಂಕುಳಲ್ಲಿ ಥರ್ಮಾಮೀಟರ್ ಇಟ್ರು, ಏನೂ ಇಲ್ಲ, ಟಾನಿಕ್ ಕೊಟ್ಟು ಮನೆಗೆ ಕರ್ಕೊಂಡು ಹೋಗು ಅಂದ್ರು. ನನಗೆ ಸಮಾಧಾನ ಆಯ್ತು ನೋಡಿ, ಸಿಕ್ಕಿಹಾಕ್ಕೊಳ್ಳಲಿಲ್ಲ ಅಂತ. ಟಾನಿಕ್ ತರೋಷ್ಟರಲ್ಲಿ ಅಮ್ಮ ನಡುಗ್ತಿದ್ಲು, ಕೂತ ಬೆಂಚೂ ನಡುಗ್ತಿತ್ತು. ನನ್ನನ್ನೇ ನೋಡಿ, "ನೀವ್ಯಾರ ಮನೆಯೋರಮ್ಮ?" ಅಂದ್ಲು. ಹೇಳಿದ್ರೆ ಕೆಲಸ ಹೋಗುತ್ತೆ, ಅಮ್ಮನ್ನೂ ಆಚೆ ಹಾಕ್ತಾರೆ. ಹೇಳ್ದಿದ್ರೆ... ಓಡಿದೆ. "ಡಾಕ್ಟ್ರೇ, ಸುಳ್ಳು ಬರ್ದೆ. ನಾಲ್ಕು ದಿನದಿಂದ ಜ್ವರ. ನಾನೇ ತೊಳ್ದು ಕರ್ಕೊಂಡು ಬಂದೆ."

ಅವರು ಬೈಲಿಲ್ಲ. ಅಮ್ಮನ್ನ ಮಲಗಿಸಿ, ಸೂಜಿ ಚುಚ್ಚಿ, ಎಲ್ಲಾ ಆದ್ಮೇಲೆ ಯಾಕೆ ತೊಳ್ದೆ ಅಂತ ಕೇಳಿದ್ರು. ನಾನು ಬೋರ್ಡು ತೋರಿಸ್ದೆ. "ಅದಾ? ಆ ಕಾನೂನು ಬಿಟ್ಟು ಎಷ್ಟು ಕಾಲ ಆಯ್ತು. ಬೋರ್ಡು ಮಾತ್ರ ದೊರೆಸಾನಿ ನೆನಪಿಗೆ ಅಂತ ಇಟ್ಕೊಂಡಿದೀವಿ." ಆಮೇಲೆ ಥಟ್ಟನೆ ನನ್ನ ಕಡೆ ತಿರುಗಿದ್ರು. "ಉಳಿದೋರೂ ತೊಳ್ಕೊಂಡೇ ಬರ್ತಿದ್ರಾ?" ನಾನು ಚೀಟಿ ಪುಸ್ತಕ ತೆಗೆದು ಮುಂದಿಟ್ಟೆ. ಸುಸ್ತು, ಸುಸ್ತು, ಸುಸ್ತು. ಅಮ್ಮ ಎಂಟು ದಿನಕ್ಕೆ ಎದ್ಲು. ಆ ಪುಸ್ತಕದಲ್ಲಿದ್ದೋರೆಲ್ಲ ಎದ್ರೋ ಇಲ್ವೋ, ಕೇಳೋಕೆ ನನಗೆ ಇವತ್ತಿಗೂ ಧೈರ್ಯ ಬಂದಿಲ್ಲ. ಅದಕ್ಕೇ ಹೇಳೋದು, ದೇವಸ್ಥಾನಕ್ಕೆ ಮುಖ ತೊಳ್ಕೊಂಡು ಹೋಗಿ, ಆಸ್ಪತ್ರೆಗೆ ಹೆಂಗಿದೀರೋ ಹಂಗೇ ಹೋಗಿ.