ಕಂದು ಕೋಟಿನ ಒಳಜೇಬು

ಹೆಸರು: ಮೇಲಿನ ಕಾಲಂನಲ್ಲಿ ಬರೆಸಿದಂತೆ, ಕಚೇರಿಯಲ್ಲಿ ಕರೆಯುವುದು ಟೈಲರಕ್ಕ ಎಂದು. ವಯಸ್ಸು: 47. ಉದ್ಯೋಗ: ಇಪ್ಪತ್ತೆರಡು ವರ್ಷ ಕೋಟು ಹೊಲಿದಿದ್ದೇನೆ, ಈಗ ಸಂಜೆ ಕಾಲೇಜಿನಲ್ಲಿ ಕಾನೂನು ಕೊನೆಯ ವರ್ಷ, ಹಗಲು ಬಡ ಆರೋಪಿಗಳ ಕೇಸನ್ನು ಉಚಿತವಾಗಿ ನಡೆಸುವ ಸಂಸ್ಥೆಯಲ್ಲಿ ಇಂಟರ್ನ್. ವಾಸ: ಬಸ್ ಡಿಪೋ ಹಿಂದಿನ ಓಣಿ, ಔಷಧಿ ಅಂಗಡಿಯ ಮೇಲಿನ ಮನೆ.

ಠಾಣೆಯವರು ಕೇಳಿದ್ದರಿಂದ ಸ್ವಇಚ್ಛೆಯಿಂದ ತಿಳಿಸುವುದೇನೆಂದರೆ,

ಕಳೆದ ತಿಂಗಳು 3ರಂದು ಇದೇ ಠಾಣೆಯವರು ಇಸ್ತ್ರಿ ಅಂಗಡಿಯವರೊಬ್ಬರನ್ನು ಬಂಧಿಸಿದರು. ಬ್ಯಾಂಕ್ ಮ್ಯಾನೇಜರೊಬ್ಬರು ಇಸ್ತ್ರಿಗೆ ಕೊಟ್ಟ ಕಂದು ಕೋಟಿನ ಒಳಜೇಬಿನಿಂದ ಉಂಗುರ ಕದ್ದರು ಎಂಬುದು ಆರೋಪ. ಅದೇ ದಿನ ಕೋಟು ಜಪ್ತಿಯಾಯಿತು. ಉಂಗುರ ಸಿಗಲಿಲ್ಲ.

ಈ ತಿಂಗಳು 6ರಂದು ಬೆಳಿಗ್ಗೆ 10ಕ್ಕೆ ಆರೋಪಿಯ ಹೆಂಡತಿ ನಮ್ಮ ಕಚೇರಿಗೆ ಬಂದರು. ಈಗ ಯಾರೂ ಬಟ್ಟೆ ಕೊಡುತ್ತಿಲ್ಲ, ಆದರೂ ದಿನಾ ಅಂಗಡಿ ತೆಗೆದು ಮನೆಯ ಹೊದಿಕೆಗಳನ್ನೇ ಇಸ್ತ್ರಿ ಮಾಡುತ್ತೇನೆ, ಬಾಗಿಲು ಹಾಕಿದರೆ ಕದ್ದದ್ದು ನಿಜ ಅಂದುಕೊಳ್ಳುತ್ತಾರೆ ಎಂದರು.

7ರಂದು ನಮ್ಮ ವಕೀಲೆ ಕೇಸಿನ ಫೈಲನ್ನು ಜೆರಾಕ್ಸ್ ಮಾಡಲು ಕೊಟ್ಟರು. ಅವರು ನನ್ನ ದೊಡ್ಡ ಮಗಳಿಗಿಂತ ಮೂರೇ ವರ್ಷ ದೊಡ್ಡವರು. ಮಧ್ಯಾಹ್ನ 2.40ಕ್ಕೆ ಫೋಟೊ ಸಂಖ್ಯೆ 4 ಕಣ್ಣಿಗೆ ಬಿತ್ತು. ಖಾಲಿ ಜೇಬನ್ನು ಹೊರಗೆಳೆದು ತೆಗೆದ ಫೋಟೊ. ಜೇಬಿನ ಕೆಳಮೂಲೆಯಲ್ಲಿ ಸುಮಾರು ಎರಡು ಸೆಂಟಿಮೀಟರ್ ಹೊಲಿಗೆ ಬಿಟ್ಟಿತ್ತು. ನಾನು ಯಂತ್ರ ನಿಲ್ಲಿಸಿದೆ. ಒಳಜೇಬು ತೂತಾದರೆ ವಸ್ತು ನೆಲಕ್ಕೆ ಬೀಳುವುದಿಲ್ಲ, ಲೈನಿಂಗಿನೊಳಗೆ ಜಾರಿ ಕೋಟಿನ ಕೆಳ ಮಡಿಕೆಯಲ್ಲಿ ಕೂರುತ್ತದೆ ಎಂದು ವಕೀಲೆಗೆ ತಿಳಿಸಿದೆ. ಅವರು ನನ್ನ ಮುಖ ನೋಡಿ, "ಟೈಲರಕ್ಕ, ಬನ್ನಿ, ಅರ್ಜಿ ಬರೆಯೋಣ" ಎಂದರು.

12ರಂದು ಕೋಟಿನ ಪರಿಶೀಲನೆಗೆ ನ್ಯಾಯಾಲಯ ಅನುಮತಿ ಕೊಟ್ಟಿತು. 13ರಂದು, ಅಂದರೆ ನಿನ್ನೆ, 11.20ಕ್ಕೆ ಈ ಠಾಣೆಯ ಜಪ್ತಿ ವಸ್ತುಗಳ ಕೋಣೆಗೆ ಹೋದೆವು. ಇನ್‌ಸ್ಪೆಕ್ಟರ್ ಹಾಗೂ ಕೋಣೆಯ ಉಸ್ತುವಾರಿ ಪೇದೆ ಇದ್ದರು. ಪೇದೆ ತಮ್ಮ ಕುರ್ಚಿಯ ನೇರ ಮೇಲಿದ್ದ ಹಲಗೆಯಿಂದ ಪೊಟ್ಟಣ ಇಳಿಸಿದರು. ಸೀಲು ಒಡೆದಿರಲಿಲ್ಲ. ಕೋಟು ಮುಟ್ಟಲು ನನಗೆ ಅನುಮತಿ ಇರಲಿಲ್ಲ. ನಾನು ಮುಟ್ಟಲೂ ಇಲ್ಲ. ಮಡಿಕೆಯನ್ನು ಎಡದಿಂದ ಚಿವುಟುತ್ತಾ ಹೋಗಲು ಪೇದೆಯವರಿಗೆ ಹೇಳಿದೆ. ಆವತ್ತೇ ಎಲ್ಲಾ ಜೇಬೂ ನೋಡಿದ್ದೇವೆ ಎಂದು ಅವರು ಗೊಣಗಿದರು. 11.34ಕ್ಕೆ, ಬೆನ್ನಿನ ನಡುಹೊಲಿಗೆಯ ಹತ್ತಿರ, ಅವರ ಬೆರಳು ನಿಂತಿತು. ಗುಂಡಿ ಇರಬೇಕು ಎಂದರು. ಆ ಜಾಗದಲ್ಲಿ ಯಾವ ಟೈಲರೂ ಗುಂಡಿ ಇಡುವುದಿಲ್ಲ ಎಂದೆ.

ಇನ್‌ಸ್ಪೆಕ್ಟರ್ ವೀಡಿಯೊ ಶುರು ಮಾಡಿಸಿ ಕತ್ತರಿ ತರಿಸಿದರು. ನಾನು ತೋರಿಸಿದ ಮೂರು ಹೊಲಿಗೆಗಳನ್ನು ಪೇದೆ ಕತ್ತರಿಸಿದರು. ಉಂಗುರ ಮೇಜಿನ ಮೇಲೆ ಬಿದ್ದು ಉರುಳಿ, ಇನ್‌ಸ್ಪೆಕ್ಟರರ ಕೈಗೆ ತಾಗಿ ನಿಂತಿತು.

"ಅಯ್ಯಯ್ಯೋ, ನಲವತ್ತೊಂದು ದಿನ ನನ್ನ ತಲೆ ಮೇಲೇ ಇತ್ತಲ್ರೀ!" ಎಂದು ಪೇದೆ ಕೂಗಿದರು. ವಕೀಲೆ ನನ್ನನ್ನು ತಬ್ಬಿ ಎತ್ತಲು ನೋಡಿದರು. ನನ್ನ ತೂಕ 71 ಕಿಲೋ, ಆಗಲಿಲ್ಲ. ನಾನು ಅಳಲಿಲ್ಲ. ಕನ್ನಡಕ ಒರೆಸಿಕೊಂಡದ್ದು ನಿಜ, ವೀಡಿಯೊದಲ್ಲಿದೆ.

12.50ಕ್ಕೆ ಮ್ಯಾನೇಜರ್ ಬಂದು ಉಂಗುರ ತಮ್ಮದೇ ಎಂದು ಗುರುತಿಸಿದರು. ಜೇಬು ಹರಿದದ್ದು ನನಗೇ ಗೊತ್ತಿರಲಿಲ್ಲ ಎಂದು ಎರಡು ಸಲ ಹೇಳಿದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

3.30ಕ್ಕೆ ನ್ಯಾಯಾಲಯ ಬಿಡುಗಡೆಗೆ ಆದೇಶಿಸಿತು. 5.35ಕ್ಕೆ ಇಸ್ತ್ರಿಯವರು ಜೈಲಿನ ಗೇಟಿನಿಂದ ಹೊರಬಂದರು. ಅವರ ಹೆಂಡತಿ, ಗಂಡ ತಪ್ಪಾಗಿ ಹಾಕಿಕೊಂಡಿದ್ದ ಅಂಗಿಯ ಗುಂಡಿಗಳನ್ನು ಬಿಚ್ಚಿ ಮೇಲಿನಿಂದ ಒಂದೊಂದಾಗಿ ಸರಿಯಾಗಿ ಹಾಕಿದರು. ಬಸ್ ನಿಲ್ದಾಣ 400 ಮೀಟರ್. ಟ್ಯಾಕ್ಸಿ ಕರೆಯಲೇ ಎಂದು ಕೇಳಿದೆ.

"ಬೇಡಕ್ಕಾ," ಎಂದರು ಆಕೆ. "ಇನ್ನೂ ಬೆಳಕಿದೆ. ರಸ್ತೆ ಮಧ್ಯಾನೇ ನಡ್ಕೊಂಡು ಹೋಗ್ತೀವಿ. ಜನ ನೋಡ್ಲಿ."

ಹಾಗೆಯೇ ಹೋದರು. ನಾನೂ ವಕೀಲೆಯೂ ಹಿಂದೆ ನಡೆದೆವು.

ಇದಿಷ್ಟೂ ನಾನು ಕಣ್ಣಾರೆ ಕಂಡು ಕಿವಿಯಾರೆ ಕೇಳಿದ್ದು. ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಸತ್ಯವಾಗಿದೆ, ತಿದ್ದುವಂಥದ್ದು ಏನೂ ಇಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಬೆಳಿಗ್ಗೆ 9.15
(ಸಹಿ)