ಮಾನಿಟರಿಗೆ ಬಿದ್ದ ಮಾಲೆ

ಅದು ೨೦೦೪. ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಬೀದರ್ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬಸವಕಲ್ಯಾಣದ ಝೆರಾಕ್ಸ್ ಅಂಗಡಿಯ ಹಿರಿಯರೊಬ್ಬರು ಕಂಪ್ಯೂಟರ್ ರಿಪೇರಿಯ ಹುಡುಗನನ್ನು ತರಾಟೆಗೆ ತೆಗೆದುಕೊಂಡಿದ್ದರು.

“ಅಕ್ರಮ್, ಪಾಸ್‌ವರ್ಡ್ ಕೇಳೋ ಜಾಗಾದಾಗ ನನ್ನ ಫೋಟೊ ಹಾಕು ಅಂತ ಯಾರ್ ಹೇಳಿದ್ರಪಾ ನಿನಗ?”

“ನಿಮ್ಮ ಅಳಿಯಾರೇ ಹೇಳಿದ್ರಿ ಕಾಕಾ. ಮಾಲಕರ ಫೋಟೊ ಇದ್ರ ಅಂಗಡಿಗಿ ಶಾನ್, ಗತ್ತು ಇರ್ತದ ಅಂದ್ರು.”

“ಎಲ್ಲೀ ಶಾನ್! ದಿನಾ ಹತ್ತು ಸಲ ಕರೆಂಟ್ ಹೋಗ್ತದ. ತಿರುಗಿ ಚಾಲೂ ಮಾಡಿದ ಕೂಡ್ಲೆ ಗಿರಾಕಿಗೋಳು ಫೋಟೊ ನೋಡಿ ಕೈ ಮುಗೀತಾರ. ಯಾವಾಗ ತೀರಿಕೊಂಡ್ರು ಅಂತ ಕೇಳ್ತಾರ.”

“ನೀವು ಅಲ್ಲೇ ಕುಂತಿರ್ತೀರಲ್ರಿ?”

“ನನಗೇ ಕೇಳ್ತಾರೋ ಮಾರಾಯಾ! ನೀವು ಅವರ ತಮ್ಮ ಏನ್ರಿ ಅಂತಾರ.”

“ನಗೋ ಫೋಟೊ ಹಾಕ್ಲೇನ್ರಿ?”

“ಯಾವುದೂ ಬ್ಯಾಡ. ಮೊದಲಿನ ನೀಲಿ ಬಣ್ಣಾನೇ ಹಾಕು. ನಿನ್ನೆ ದುಬಲಗುಂಡಿಯಾಂವ ಒಬ್ಬ ಮಾನಿಟರಿಗೆ ಚೆಂಡುಹೂವಿನ ಮಾಲಿ ಹಾಕಿ ಹೋದ.”

“ನಿಮ್ಮ ಮನಿಯವರು, ಕಾಕೂ, ಏನೂ ಅನ್ಲಿಲ್ಲೇನ್ರಿ?”

ಬಸವಕಲ್ಯಾಣದ ಬಸ್ಸು ಬಂತು. ಹಿರಿಯರು ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದರು.

“ಆಕಿ ಏನಂತಾಳ? ಮಾಲಿ ಬಾಡ್ಯಾದಂತ ಇವತ್ತು ಮುಂಜಾನೆ ಹೊಸದು ಹಾಕ್ಯಾಳ.”